ನಾವು ವಿದ್ಯುದ್ರಸಾಯನವನ್ನು ಕಲಿಯಹೊರಟದ್ದು



ರಾಜ್ಯೋತ್ಸವದ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿದ್ದ ವಿಷಯವೇ ಬೇರೆ. ಬ್ಯಾಂಕಿನ ಗುಮಾಸ್ತನೆಂದಮೇಲೆ ಠೇವಣಿಯ ಬಡ್ಡಿ, ನಾಮಿನಿಯ ಹೆಸರು, ಹಿರಿಯರಿಗಿರುವ ಅನುಕೂಲ ಇವುಗಳನ್ನು ಹೇಳಿದರೆ ಸಭಿಕರಿಗೆ ಉಪಯೋಗವಾದೀತೆಂದು ಅವರು ಎಣಿಸಿದ್ದರು. ಅದನ್ನು ನೀವು ಬ್ಯಾಂಕಿಗೆ ಬಂದರೆ ಕೌಂಟರಿನಲ್ಲಿಯೇ ಹೇಳುತ್ತೇವೆ. ಇಂದು ಹೇಳಹೊರಟಿರುವುದು ನಮಗೆ ಬಾರದೆ ಇದ್ದ, ಈಗಲೂ ಅರ್ಧಂಬರ್ಧವಾಗಿ ಬರುವ ಒಂದು ವಿದ್ಯೆಯ ಸಂಗತಿ. ಬಲ್ಲವರು ಸಭೆಯಲ್ಲಿದ್ದರೆ ತಪ್ಪನ್ನು ತಿದ್ದಬೇಕೆಂದು ಬಿನ್ನಹ.

ನಾವು ಎಂದರೆ ಸಭಾಮರ್ಯಾದೆಯ ‘ನಾವು’ ಅಲ್ಲ. ನಿಜವಾಗಿಯೂ ಇಬ್ಬರು, ಗಂಡ ಹೆಂಡತಿ. ಒಬ್ಬರದು ಬಿ.ಕಾಂ., ಇನ್ನೊಬ್ಬರದು ಇತಿಹಾಸದ ಬಿ.ಎ. ಹತ್ತನೆಯ ತರಗತಿ ಮುಗಿದ ದಿನ ರಸಾಯನಶಾಸ್ತ್ರಕ್ಕೆ ಕೈಮುಗಿದು ಬಂದವರು. ಊರು ತೀರ್ಥಹಳ್ಳಿಯ ಕಡೆ. ಹೊಟ್ಟೆಪಾಡು ಈ ಚೆನ್ನೈ ಪಟ್ಟಣದಲ್ಲಿ. ಮನೆಯಲ್ಲಿ ಅಮ್ಮ ಇದ್ದಾರೆ, ಎಂಟನೆಯ ತರಗತಿಯ ಮಗಳಿದ್ದಾಳೆ. ಅಮ್ಮನಿಗೆ ಉಬ್ಬಸ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದುದನ್ನು ಇಲ್ಲಿರುವ ಯಾರೂ ಮರೆತಿರಲಾರರು. ನಮ್ಮ ಬೀದಿಯಲ್ಲಿ ಎರಡು ರಾತ್ರಿ ವಿದ್ಯುತ್ತಿರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯದಿಂದ ನಾವಿದ್ದೆವು. ಮೊದಲ ರಾತ್ರಿಯೇ ಅಮ್ಮನಿಗೆ ಉಸಿರು ಹಿಡಿಯಿತು. ಮದ್ದನ್ನು ಹಬೆಯಾಗಿಸಿ ಕೊಡುವ ನೆಬ್ಯುಲೈಸರನ್ನು ಹಚ್ಚಿದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಇನ್ವರ್ಟರ್ ಕಿರುಗುಟ್ಟಿ ನಿಂತೇಹೋಯಿತು. ಆ ಕತ್ತಲಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಎರಡು ಕಡೆ ಹಿಡಿದು, ಮೇಲಿನ ಮಹಡಿಯ ಮಾಮಿಯ ಮನೆಗೆ ಹೊತ್ತುಕೊಂಡು ಹೋದೆವು. ಅವರ ಮನೆಯ ಇನ್ವರ್ಟರ್ ಕೆಲಸಮಾಡುತ್ತಿತ್ತು. ಅಮ್ಮ ಉಳಿದುಕೊಂಡರು. ಆ ಮಾಮಿಯ ಉಪಕಾರವನ್ನು ಈ ವೇದಿಕೆಯಿಂದ ನೆನೆಯದೆ ಮುಂದೆ ಹೋಗಲಾರೆವು.

ನೀರು ಇಳಿದಮೇಲೆ ಮೆಕ್ಯಾನಿಕ್ ಬಂದ. ಬ್ಯಾಟರಿಯ ಮುಚ್ಚಳ ತಿರುಗಿಸಿ, ದೀಪ ಹಿಡಿದು ಒಳಗೆ ನೋಡಿ, “ಯಾವ ನೀರು ಹಾಕಿದ್ದೀರಿ?” ಎಂದು ಕೇಳಿದ. ಎರಡು ವರ್ಷ ಯಾವ ನೀರನ್ನೂ ಹಾಕಿರಲಿಲ್ಲ. ಆಮೇಲೆ ಒಂದು ಬೇಸಗೆಯಲ್ಲಿ ಯಾರೋ ಹೇಳಿದರೆಂದು ನಲ್ಲಿಯ ನೀರನ್ನೇ ಚೊಂಬಿನಿಂದ ಸುರಿದಿದ್ದೆವು. ಕುಡಿಯುವ ನೀರಲ್ಲವೆ, ಶುದ್ಧವಾಗಿಯೇ ಇರುತ್ತದೆ ಎಂಬುದು ನಮ್ಮ ತರ್ಕ. ಒಳಗಿನ ಫಲಕಗಳು ನೀರಿನಿಂದ ಮೇಲೆದ್ದು ಒಣಗಿದ್ದುವು, ಬೆಳ್ಳಗೆ ಪೊರೆಗಟ್ಟಿದ್ದುವು. ಹದಿನೈದು ಸಾವಿರ ಚಿಲ್ಲರೆಗೆ ಹೊಸದು ಬಂತು. ದುಡ್ಡು ಹೋದುದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಬೇರೆ. ಅಮ್ಮನ ಉಸಿರು ಯಾವ ಪೆಟ್ಟಿಗೆಯನ್ನು ನಂಬಿತ್ತೋ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬ್ಯಾಟರಿಗೆ ನೀರೇಕೆ ಬೇಕು? ಆ ನೀರು ಎಲ್ಲಿಗೆ ಹೋಗುತ್ತದೆ? ಇಷ್ಟನ್ನು ತಿಳಿಯಬೇಕೆಂದೇ ನಾವು ಹೊರಟದ್ದು.

ಈಗಿನ ಕಾಲದಲ್ಲಿ ಗುರುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಂತರ್ಜಾಲದಲ್ಲಿ ಕೇಳಿದ ವಿದ್ಯೆ ಕೇಳಿದೊಡನೆ ಬಂದು ನಿಲ್ಲುತ್ತದೆ. ರಾತ್ರಿ ಊಟವಾದಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನೋಡತೊಡಗಿದೆವು. ಒಂದು ವಾರದಲ್ಲಿ ಹದಿನೇಳು ಪಾಠಗಳನ್ನು ನೋಡಿ ಮುಗಿಸಿದೆವು. ಬಣ್ಣಬಣ್ಣದ ಚಿತ್ರ, ಬಾಣದ ಗುರುತಿನಲ್ಲಿ ಓಡುವ ಎಲೆಕ್ಟ್ರಾನು, ಹಿನ್ನೆಲೆಗೆ ಸಂಗೀತ ಬೇರೆ! ಎಲ್ಲವೂ ತಿಳಿದಂತೆಯೇ ಇತ್ತು. ಎಂಟನೆಯ ದಿನ ಮಗಳು ಕೇಳಿದಳು: “ಸತುವೇ ಏಕೆ ಕರಗಬೇಕು? ತಾಮ್ರ ಏಕೆ ಕರಗಬಾರದು?” ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಹರಿಕಥೆ ಕೇಳಿ ಬಂದವನಿಗೆ ಮೃದಂಗ ಬಾರಿಸಲು ಬರುತ್ತದೆಯೆ?

ಆಗ ಮಂಚದ ಮೇಲೆ ಕುಳಿತಿದ್ದ ಅಮ್ಮ, “ಅದೇನು ಹೊಸದಾ ಪುಟ್ಟಿ? ನಿಮ್ಮಜ್ಜ ತೋಟಕ್ಕೆ ಔಷಧಿ ಹೊಡೆಸೋಕೆ ಮುಂಚೆ ಕತ್ತಿ ಅಲಗು ಅದ್ದಿ ನೋಡ್ತಿರಲಿಲ್ವಾ? ಅಲಗು ಕೆಂಪಾದರೆ ಇನ್ನೂ ಸುಣ್ಣ ಸಾಲದು ಅಂತಿದ್ರು,” ಎಂದರು.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬರದಂತೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಯುತ್ತಾರೆ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಸುಣ್ಣ ಸಾಕಷ್ಟು ಇಲ್ಲದಿದ್ದರೆ ತಾಮ್ರದ ಅಂಶ ನೀರಿನಲ್ಲಿ ಬಿಡಿಯಾಗಿ ಉಳಿದು ಎಳೆಯ ಕಾಯನ್ನು ಸುಡುತ್ತದೆ. ಹಾಗೆ ಉಳಿದಿದೆಯೋ ಇಲ್ಲವೋ ಎಂದು ನೋಡಲು ಕಬ್ಬಿಣದ ಅಲಗನ್ನು ಅದ್ದುವುದು. ಬಿಡಿಯಾದ ತಾಮ್ರವಿದ್ದರೆ ಅದು ಅಲಗಿನ ಮೇಲೆ ಕೆಂಪಾಗಿ ಕುಳಿತುಕೊಳ್ಳುತ್ತದೆ. ಅದಕ್ಕೆ ಬದಲಾಗಿ ಅಷ್ಟು ಕಬ್ಬಿಣ ನೀರಿಗೆ ಇಳಿಯುತ್ತದೆ. ಏಕೆ ಹಾಗಾಗುತ್ತದೆಂದು ಅಪ್ಪನಿಗೆ ತಿಳಿದಿರಲಿಲ್ಲ. ಆಗುತ್ತದೆಂಬುದು ಚೆನ್ನಾಗಿ ತಿಳಿದಿತ್ತು. ನಾವು ಹದಿನೇಳು ಪಾಠಗಳಲ್ಲಿ ಕಂಡುದೆಲ್ಲ ಆ ಅಲಗಿನ ಮೇಲೆ ಇತ್ತು. ಚಿಕ್ಕಂದಿನಲ್ಲಿ ಆ ಹಂಡೆಯ ಪಕ್ಕದಲ್ಲಿಯೇ ನಿಂತು ನೋಡಿದವರು ನಾವು.

ಮರುದಿನದಿಂದ ಕ್ರಮವನ್ನು ಬದಲಿಸಿದೆವು. ಪಾಠ ನೋಡುವುದನ್ನು ಅರ್ಧಕ್ಕಿಳಿಸಿ, ಓದುವುದು, ಬರೆಯುವುದು, ಕೈಯಿಂದ ಮಾಡುವುದು ಇವನ್ನು ಹಿಡಿದೆವು. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಈ ವಿಷಯಕ್ಕೊಂದು ಅಧ್ಯಾಯವಿದೆ. ಅದನ್ನು ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಆದರೆ ಮೊದಲೇ ಅದನ್ನು ತೆರೆದರೆ ತಲೆ ತಿರುಗುತ್ತದೆ. ಹಿಂದಿನ ವರ್ಷದ ಪುಸ್ತಕದಲ್ಲಿ ಉತ್ಕರ್ಷಣ-ಅಪಕರ್ಷಣಗಳ ಅಧ್ಯಾಯವನ್ನೂ ಮೋಲ್ ಎಂಬ ಎಣಿಕೆಯನ್ನೂ ಮುಗಿಸಿಕೊಂಡು ಬರಬೇಕು. ಐ.ಐ.ಟಿ.ಗಳ ಎನ್‌ಪಿಟಿಇಎಲ್ ಉಪನ್ಯಾಸಗಳು ಬಲು ಘನವಾದುವು. ಇದೇ ಊರಿನ ಐ.ಐ.ಟಿ. ಅದಕ್ಕೆ ಮುಖ್ಯಸ್ಥಾನವೆಂಬ ಅಭಿಮಾನದಿಂದ ಒಂದನ್ನು ತೆರೆದೆವು, ಇಪ್ಪತ್ತು ನಿಮಿಷದಲ್ಲಿ ಕಲನಶಾಸ್ತ್ರ ಬಂತು, ನಮಸ್ಕಾರ ಹಾಕಿ ಹಿಂತಿರುಗಿದೆವು. ಓಪನ್‌ಸ್ಟ್ಯಾಕ್ಸ್ ಎಂಬ ಅಮೆರಿಕದ ಉಚಿತ ಪುಸ್ತಕದ ಹದಿನೇಳನೆಯ ಅಧ್ಯಾಯ ನಮ್ಮಂಥವರಿಗೆ ಹಿಡಿಸಿತು; ಬಿಡಿಸಿ ತೋರಿಸಿದ ಲೆಕ್ಕಗಳು ಅದರಲ್ಲಿ ಹೆಚ್ಚು. ಕನ್ನಡದ ಶಬ್ದಗಳಿಗಾಗಿ ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಇಳಿಸಿಕೊಂಡೆವು. ಮಗಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ರಸಾಯನದ ಕನ್ನಡ ಮಾತುಗಳು ಅವಳಿಗೆ ನಮ್ಮಿಂದಲೇ ಸಿಗಬೇಕಷ್ಟೆ.

ಆ ಮಾತುಗಳೇ ನಮಗೆ ದಾರಿ ತೋರಿಸಿದುವು. ಎಲೆಕ್ಟ್ರಾನಿನದು ಋಣ ವಿದ್ಯುದಂಶ. ಋಣ, ಧನ! ಗುಮಾಸ್ತನಿಗೆ ಇದಕ್ಕಿಂತ ಪರಿಚಿತವಾದ ಮಾತುಗಳಿವೆಯೆ? ಸತುವಿನ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು, ಎಂದರೆ ಎರಡು ಋಣವನ್ನು, ಕಳಚಿಕೊಂಡರೆ ಎರಡು ಧನದ ಅಯಾನಾಗಿ ನೀರಿಗಿಳಿಯುತ್ತದೆ. ಸಾಲ ತೀರಿದವನು ಧನವಂತನಾದಂತೆ. ಇದು ಉತ್ಕರ್ಷಣ. ದ್ರಾವಣದಲ್ಲಿರುವ ತಾಮ್ರದ ಅಯಾನು ಆ ಎರಡು ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಲೋಹವಾಗಿ ಕುಳಿತುಕೊಳ್ಳುತ್ತದೆ. ಅದು ಅಪಕರ್ಷಣ. ಕೊಟ್ಟವರಿಲ್ಲದೆ ತೆಗೆದುಕೊಂಡವರಿಲ್ಲ. ನಮ್ಮ ಜೋಡಿ ನಮೂದು ಪದ್ಧತಿಯಲ್ಲಿ ಒಂದು ಕಡೆ ಬರೆದರೆ ಇನ್ನೊಂದು ಕಡೆಯೂ ಬರೆಯಲೇಬೇಕಲ್ಲವೆ? ಹಾಗೆಯೇ. ಹಳೆಯ ಲೆಡ್ಜರಿನ ಹಾಳೆಯಲ್ಲಿ ಎಡಕ್ಕೆ ಕೊಟ್ಟ ಎಲೆಕ್ಟ್ರಾನುಗಳನ್ನೂ ಬಲಕ್ಕೆ ತೆಗೆದುಕೊಂಡ ಎಲೆಕ್ಟ್ರಾನುಗಳನ್ನೂ ಬರೆದೆವು. ಮೊತ್ತ ಕೂಡದಿದ್ದರೆ ಸಮೀಕರಣ ತಪ್ಪೆಂದು ಅರ್ಥ. ಅಧ್ಯಾಯದ ಕೊನೆಯ ಅಭ್ಯಾಸಗಳಲ್ಲಿ ನಮಗೆ ಮೊದಲು ಸರಿಯಾಗಿ ಬಂದುವು ಈ ಬಗೆಯವೇ.

ಇನ್ನು ಮಗಳ ಪ್ರಶ್ನೆ. ಲೋಹಗಳಿಗೆ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಮನಸ್ಸು ಒಂದೇ ಸಮನಾಗಿರುವುದಿಲ್ಲ. ಹೈಡ್ರೊಜನನ್ನು ಸೊನ್ನೆಯೆಂದು ಹಿಡಿದು, ಸಮುದ್ರಮಟ್ಟದಿಂದ ಬೆಟ್ಟವನ್ನು ಅಳೆಯುವಂತೆ, ಉಳಿದವುಗಳನ್ನು ವೋಲ್ಟಿನಲ್ಲಿ ಅಳೆದಿಟ್ಟಿದ್ದಾರೆ. ಸತು ಸೊನ್ನೆಗಿಂತ 0.76 ಕೆಳಗೆ, ಕಬ್ಬಿಣ 0.44 ಕೆಳಗೆ, ತಾಮ್ರ 0.34 ಮೇಲೆ. ಕೆಳಗಿರುವುದು ಕೊಡುತ್ತದೆ, ಮೇಲಿರುವುದು ತೆಗೆದುಕೊಳ್ಳುತ್ತದೆ. ಅಪ್ಪನ ಕತ್ತಿ ಕೆಂಪಾದುದು ಈ ಪಟ್ಟಿಯ ಪ್ರಕಾರವೇ. ಸತು-ತಾಮ್ರಗಳ ನಡುವಣ ಅಂತರ 1.10 ವೋಲ್ಟು, 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಎಂಬಾತ ಕಟ್ಟಿದ ಕೋಶದ ಬಲವೂ ಅಷ್ಟೇ.

ಅದನ್ನು ನಾವೂ ಕಟ್ಟಿದೆವು. ಗೊಬ್ಬರದ ಅಂಗಡಿಯಿಂದ ಮೈಲುತುತ್ತ, ಸತುವಿನ ಸಲ್ಫೇಟು. ಎರಡು ಗಾಜಿನ ಲೋಟ. ಸತುವಿನ ಲೇಪವಿದ್ದ ಒಂದು ಮೊಳೆ, ಒಂದು ತಾಮ್ರದ ತಂತಿ. ಅಳೆಯಲು ಮುನ್ನೂರು ರೂಪಾಯಿಯ ಮಲ್ಟಿಮೀಟರು. ಎರಡು ಲೋಟಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ದೀಪದ ಬತ್ತಿ. ಮೀಟರು 1.04 ತೋರಿಸಿದಾಗ ಮನೆಯಲ್ಲಿ ಆದ ಸಂಭ್ರಮವನ್ನು ಏನೆಂದು ಹೇಳೋಣ! ಬತ್ತಿಯನ್ನು ಎತ್ತಿದೊಡನೆ ಸೊನ್ನೆ. ಬತ್ತಿ ಏಕೆ ಬೇಕೆಂಬುದನ್ನು ಕಂಡುಕೊಂಡವರು ನಮ್ಮಲ್ಲಿ ಇತಿಹಾಸದವರು. ಸತುವಿನ ಲೋಟದಲ್ಲಿ ಧನದ ಅಯಾನುಗಳು ಹೆಚ್ಚುತ್ತ ಹೋದರೆ, ತಾಮ್ರದ ಲೋಟದಲ್ಲಿ ಅವು ಕಡಿಮೆಯಾಗುತ್ತ ಹೋದರೆ, ಹೊಸ ಎಲೆಕ್ಟ್ರಾನು ಹೊರಡುವುದಾದರೂ ಹೇಗೆ? ಬತ್ತಿಯೊಳಗಿನ ಉಪ್ಪಿನ ಅಯಾನುಗಳು ಎರಡು ಕಡೆಗೂ ಹರಿದು ಸರಿತೂಗಿಸುತ್ತವೆ. ಹದಿನೇಳು ಪಾಠಗಳಲ್ಲಿಯೂ ಇದನ್ನು ಹೇಳಿದ್ದರು. ಬತ್ತಿ ಎತ್ತಿದ ಕೈಗೆ ಮಾತ್ರ ತಿಳಿಯಿತು. ಮೈಲುತುತ್ತ ವಿಷ. ಆ ಲೋಟಗಳು ಮತ್ತೆ ಅಡುಗೆಮನೆಗೆ ಬರಕೂಡದೆಂದು ಅಮ್ಮ ಅಪ್ಪಣೆ ಕೊಡಿಸಿದರು. ಇಂದಿಗೂ ಅವು ಬಾಲ್ಕನಿಯಲ್ಲಿವೆ.

ನಿಂಬೆಹಣ್ಣಿನ ಆಟವನ್ನು ನಿಮ್ಮ ಮಕ್ಕಳೂ ಮಾಡಿರಬಹುದು. ಒಂದು ಹಣ್ಣಿಗೆ ಮೊಳೆ ಮತ್ತು ತಂತಿ ಚುಚ್ಚಿದರೆ ಸುಮಾರು 0.9 ವೋಲ್ಟು, ನಾಲ್ಕು ಹಣ್ಣು ಜೋಡಿಸಿದಾಗ ಕೆಂಪು ಎಲ್‌ಇಡಿ ಮಂಕಾಗಿ ಬೆಳಗಿತು. ಅಂತರ್ಜಾಲದಲ್ಲಿ ಹಲವರು ನಿಂಬೆಹಣ್ಣಿನಲ್ಲಿ ವಿದ್ಯುತ್ತಿದೆ ಎಂದು ಹೇಳುತ್ತಾರೆ. ಇದು ಸರಿಯಲ್ಲ. ಕರಗುವುದು ಸತು, ಶಕ್ತಿ ಬರುವುದು ಅದು ಕರಗುವುದರಿಂದ. ಹಣ್ಣಿನ ಹುಳಿಯಲ್ಲಿರುವ ಹೈಡ್ರೊಜನ್ ಅಯಾನು ತಾಮ್ರದ ಬಳಿ ಎಲೆಕ್ಟ್ರಾನನ್ನು ತೆಗೆದುಕೊಳ್ಳುತ್ತದೆ, ಅಷ್ಟೆ.

ಬಹಳ ದಿನ ನಮ್ಮನ್ನು ಗೋಳುಹೊಯ್ದುಕೊಂಡದ್ದು ಒಂದು ಶಬ್ದ. ಆನೋಡಿಗೆ ನಮ್ಮ ಪುಸ್ತಕಗಳಲ್ಲಿ ಧನಾಗ್ರವೆಂದೂ ಕ್ಯಾಥೋಡಿಗೆ ಋಣಾಗ್ರವೆಂದೂ ಹೆಸರು. ಒಂದು ಪಾಠದಲ್ಲಿ ಆನೋಡು ಧನವೆಂದರು, ಮರುದಿನದ ಪಾಠದಲ್ಲಿ ಋಣವೆಂದರು. ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆಂದು ಹತ್ತು ದಿನ ಕೋಪಿಸಿಕೊಂಡಿದ್ದೆವು. ಕೊನೆಗೆ ಹೊಳೆಯಿತು: ಉತ್ಕರ್ಷಣ ನಡೆಯುವ ಕೊನೆಗೆ ಆನೋಡು ಎಂದು ಹೆಸರು. ತಾನಾಗಿ ವಿದ್ಯುತ್ತು ಕೊಡುವ ಕೋಶದಲ್ಲಿ ಅದು ಋಣ. ಹೊರಗಿನಿಂದ ವಿದ್ಯುತ್ತು ಹಾಯಿಸಿ ವಿಭಜನೆ ಮಾಡುವಾಗ ಅದು ಧನ. ನೀವು ಇಟ್ಟ ಠೇವಣಿ ನಿಮ್ಮ ಲೆಕ್ಕದಲ್ಲಿ ಆಸ್ತಿ, ಬ್ಯಾಂಕಿನ ಲೆಕ್ಕದಲ್ಲಿ ಹೊಣೆ. ಇಬ್ಬರೂ ಸುಳ್ಳು ಹೇಳುವುದಿಲ್ಲ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಆದರೂ ಅಂದಿಗೆ ನಮ್ಮನ್ನು ದಡ ಸೇರಿಸಿತು. ರಾಜ್ಯೋತ್ಸವದ ದಿನ ಹೀಗೆನ್ನುವುದಕ್ಕೆ ಕ್ಷಮಿಸಬೇಕು: ಇಲ್ಲಿ ‘ಧನಾಗ್ರ’ ಎಂಬ ನಮ್ಮ ಶಬ್ದವೇ ದಾರಿ ತಪ್ಪಿಸುತ್ತದೆ. ಉತ್ಕರ್ಷಣ ಇರಲಿ, ಅಪಕರ್ಷಣ ಇರಲಿ, ಮೈಲುತುತ್ತವಂತೂ ಇದ್ದೇ ಇರಲಿ. ಆನೋಡು ಮಾತ್ರ ಆನೋಡೇ ಆಗಿರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಆ ಶಬ್ದವನ್ನು 1834ರಲ್ಲಿ ಬಳಕೆಗೆ ತಂದವನು ಮೈಕೇಲ್ ಫ್ಯಾರಡೆ. ಹ್ಯೂವೆಲ್ ಎಂಬ ವಿದ್ವಾಂಸನನ್ನು ಕೇಳಿ ಗ್ರೀಕಿನಿಂದ ಆರಿಸಿದ್ದು. ಅದರಲ್ಲಿ ಋಣವೂ ಇಲ್ಲ, ಧನವೂ ಇಲ್ಲ. ಈ ಫ್ಯಾರಡೆಯ ಕಥೆ ನಮಗೆ ಬಹಳ ಹತ್ತಿರವಾಯಿತು. ಕಮ್ಮಾರನ ಮಗ, ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿತವನು. ಕಟ್ಟಲು ಬಂದ ಪುಸ್ತಕಗಳೇ ಅವನ ವಿದ್ಯಾಲಯ. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯರಿಗಾಗಿ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರ ಅವನಿಗೆ ಮೊದಲ ಗುರು. ಆದರೆ ಓದಿ ಮಡಚಿಡಲಿಲ್ಲ. 1812ರಲ್ಲಿ ಏಳು ಅರ್ಧಪೆನ್ನಿ ನಾಣ್ಯ, ಅಷ್ಟೇ ದೊಡ್ಡ ಏಳು ಸತುವಿನ ಬಿಲ್ಲೆ, ನಡುನಡುವೆ ಉಪ್ಪುನೀರಿನ ಕಾಗದ ಇವನ್ನು ಅಟ್ಟಿಯಾಗಿ ಪೇರಿಸಿ, 1800ರಲ್ಲಿ ವೋಲ್ಟಾ ಮಾಡಿದ್ದ ವಿದ್ಯುತ್ಕೋಶವನ್ನು ತಾನೇ ಮಾಡಿ ನೋಡಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾಗಿ ಸೇರಿದ.

ಕೈಯಿಂದ ಮಾಡಬೇಕೆಂದೆವಲ್ಲ, ಅದರಲ್ಲಿ ನಾವು ಮಾಡಿದ ಒಂದು ಅಪರಾಧವನ್ನೂ ಹೇಳಿಬಿಡಬೇಕು. ನೀರನ್ನು ವಿಭಜಿಸುವ ಪ್ರಯೋಗವನ್ನು ಒಂದು ಚಿತ್ರದಲ್ಲಿ ನೋಡಿದೆವು. ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ಪೆನ್ಸಿಲಿನ ಕಡ್ಡಿ, ನೀರಿಗೆ ಒಂದು ಚಮಚ ಉಪ್ಪು. ಊಟದ ಮೇಜಿನ ಮೇಲೆಯೇ ಹೂಡಿದೆವು. ಗುಳ್ಳೆಗಳೆದ್ದುವು, ಮಗಳು ಚಪ್ಪಾಳೆ ತಟ್ಟಿದಳು. ಎರಡು ನಿಮಿಷದಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ಒಳಗಿನ ಕೋಣೆಯಲ್ಲಿ ಅಮ್ಮ ಕೆಮ್ಮತೊಡಗಿದರು. ಬ್ಯಾಟರಿಯನ್ನು ಕಿತ್ತು, ಕಿಟಕಿಗಳನ್ನೆಲ್ಲ ತೆರೆದು, ಲೋಟವನ್ನು ಹೊರಗೊಯ್ದೆವು. ಉಪ್ಪಿನಲ್ಲಿರುವುದು ಸೋಡಿಯಂ ಮತ್ತು ಕ್ಲೋರೀನು. ಆನೋಡಿನಲ್ಲಿ ಆಮ್ಲಜನಕದ ಬದಲು ಕ್ಲೋರೀನ್ ಅನಿಲವೇ ಹೊರಬರುತ್ತದೆ. ಆ ಚಿತ್ರ ಮಾಡಿದವರು ಇದನ್ನು ಹೇಳಿರಲಿಲ್ಲ. ಮುಂದಿನ ಅಧ್ಯಾಯವನ್ನು ಓದಿಕೊಂಡಿದ್ದರೆ ನಮಗೇ ತಿಳಿಯುತ್ತಿತ್ತು. ಯಾರ ಉಸಿರಿಗಾಗಿ ಕಲಿಯಹೊರಟೆವೋ ಅವರ ಉಸಿರನ್ನೇ ಕಟ್ಟಿಸಿದ ಆ ಸಂಜೆಯ ನಾಚಿಕೆ ಇನ್ನೂ ಹೋಗಿಲ್ಲ. ಮನೆಯಲ್ಲಿ ಮಕ್ಕಳು ಇದನ್ನು ಮಾಡಹೊರಟರೆ ಉಪ್ಪಿನ ಬದಲು ಅಡುಗೆ ಸೋಡಾ ಹಾಕಿಸಿ, ಬಾಲ್ಕನಿಯಲ್ಲಿ ಮಾಡಿಸಿ.

ಈಗ ಬ್ಯಾಟರಿಯ ನೀರಿಗೆ ಬರೋಣ. ಇನ್ವರ್ಟರಿನದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಇದರ ಮೂಲರೂಪವನ್ನು ಮಾಡಿದ. ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಒಂದೊಂದು ಕೋಶ ಸುಮಾರು ಎರಡು ವೋಲ್ಟು, ಆರು ಕೂಡಿದರೆ ಹನ್ನೆರಡು. ವಿದ್ಯುತ್ತು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗುತ್ತ ಬರುತ್ತವೆ, ಆಮ್ಲ ತೆಳುವಾಗುತ್ತದೆ. ಚಾರ್ಜು ಮಾಡಿದಾಗ ಎಲ್ಲವೂ ಹಿಂದಕ್ಕೆ ಬರುತ್ತದೆ. ತುಂಬಿದಮೇಲೂ ಚಾರ್ಜು ನಡೆಯುತ್ತಿದ್ದರೆ ಆ ವಿದ್ಯುತ್ತಿಗೆ ಬೇರೆ ಕೆಲಸವಿಲ್ಲ, ನೀರನ್ನೇ ಒಡೆಯುತ್ತದೆ. ಜಲಜನಕವೂ ಆಮ್ಲಜನಕವೂ ಮುಚ್ಚಳದ ರಂಧ್ರದಿಂದ ಹಾರಿಹೋಗುತ್ತವೆ. ಆಮ್ಲ ಹೋಗುವುದಿಲ್ಲ, ಆದುದರಿಂದ ತುಂಬಬೇಕಾದುದು ನೀರನ್ನು ಮಾತ್ರ.

ಎಷ್ಟು ನೀರು? ಇದಕ್ಕೆ ಫ್ಯಾರಡೆಯ ನಿಯಮವಿದೆ. ಹರಿದ ವಿದ್ಯುತ್ತಿಗೂ ಬದಲಾದ ವಸ್ತುವಿನ ತೂಕಕ್ಕೂ ಕಟ್ಟುನಿಟ್ಟಾದ ಲೆಕ್ಕ. ಒಂದು ಮೋಲ್ ಎಲೆಕ್ಟ್ರಾನಿಗೆ 96,485 ಕೂಲಂಬು. ಒಂದು ಆಂಪಿಯರು ಒಂದು ಗಂಟೆ ಹರಿದರೆ 3,600 ಕೂಲಂಬು. ಇದು ತಾಮ್ರದ ದ್ರಾವಣದಲ್ಲಿ ಹರಿದರೆ 1.19 ಗ್ರಾಮು ತಾಮ್ರ ಕೂರುತ್ತದೆ. ನೀರಿನಲ್ಲಿ ಹರಿದರೆ ಒಂದು ಗ್ರಾಮಿನ ಮೂರನೆಯ ಒಂದು ಭಾಗ ನೀರು ಒಡೆಯುತ್ತದೆ. ಆರು ಕೋಶಕ್ಕೆ ಎರಡು ಗ್ರಾಮು. ಹೀಗೆ ನೂರು ಆಂಪಿಯರು-ಗಂಟೆ ವ್ಯರ್ಥವಾಗಿ ಹರಿದರೆ ಇನ್ನೂರು ಗ್ರಾಮು, ಎಂದರೆ ಒಂದು ದೊಡ್ಡ ಲೋಟ. ಬಡ್ಡಿ ಲೆಕ್ಕ ಹಾಕಿ ಸವೆದ ಕೈಗೆ ಈ ಲೆಕ್ಕ ಒಂದೇ ಸಲಕ್ಕೆ ಕೂಡಿಬಂತು. ರಾತ್ರಿ ಹನ್ನೊಂದು ಗಂಟೆ. ಎರಡು ವರ್ಷ ನೀರು ಕಾಣದ ಆ ಹಳೆಯ ಬ್ಯಾಟರಿಯ ಫಲಕಗಳು ಏಕೆ ಒಣಗಿದುವೆಂಬುದು ಹಾಳೆಯ ಮೇಲೆ ಎದುರಿಗೇ ಇತ್ತು. ಗಾಳಿಗೆ ಬಿದ್ದ ಫಲಕದ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಮತ್ತೆ ಬಿಡುವುದಿಲ್ಲ. ನಲ್ಲಿಯ ನೀರಿನಲ್ಲಿರುವ ಕ್ಲೋರೈಡು, ಕಬ್ಬಿಣ ಮುಂತಾದುವು ಫಲಕಗಳನ್ನು ಇನ್ನಷ್ಟು ಕೆಡಿಸುತ್ತವೆ. ಭಟ್ಟಿಯಿಳಿಸಿದ ನೀರೇ ಬೇಕೆನ್ನುವುದು ಅಂಗಡಿಯವನ ವ್ಯಾಪಾರದ ಮಾತಲ್ಲ. ಹಾರುವ ಜಲಜನಕ ಹೊತ್ತಿಕೊಳ್ಳುವಂಥದು. ಬ್ಯಾಟರಿಯಿರುವ ಕಡೆ ಗಾಳಿಯಾಡಬೇಕು, ದೇವರ ದೀಪವನ್ನು ಅದರ ಹತ್ತಿರ ಇಡಬಾರದು. ನಮ್ಮ ಮನೆಯಲ್ಲಿ ದೇವರ ಗೂಡು ಅದರ ನೆತ್ತಿಯ ಮೇಲೆಯೇ ಇತ್ತು! ಈಗ ಬೇರೆ ಗೋಡೆಗೆ ಹೋಗಿದೆ.

ಎರಡು ತಿಂಗಳಿಗೊಮ್ಮೆ ಮಟ್ಟ ನೋಡುವ ಕೆಲಸವನ್ನು ಅಮ್ಮ ತಾವೇ ವಹಿಸಿಕೊಂಡಿದ್ದಾರೆ. ಅಮಾವಾಸ್ಯೆಯನ್ನು ಗುರುತು ಮಾಡುವ ಪಂಚಾಂಗದಲ್ಲಿಯೇ “ನೀರು” ಎಂದು ಬರೆದಿಟ್ಟುಕೊಂಡು, ಆ ದಿನ ಬೆಳಿಗ್ಗೆ ಕಾಫಿಗೂ ಮುಂಚೆ ನಮ್ಮನ್ನು ಎಬ್ಬಿಸುತ್ತಾರೆ.

ಕಲಿತದ್ದು ಇಷ್ಟೇ. ದ್ರಾವಣ ತೆಳುವಾದಂತೆ ಕೋಶದ ವೋಲ್ಟು ಹೇಗೆ ಬದಲಾಗುತ್ತದೆಂಬುದಕ್ಕೆ ನರ್ನ್‌ಸ್ಟ್ ಸಮೀಕರಣವೆಂಬುದೊಂದಿದೆ. ನಾವು ಮೂರು ತಿಂಗಳಿಂದ ಅದರ ಬಾಗಿಲಲ್ಲಿ ನಿಂತಿದ್ದೇವೆ. ಲಾಗರಿತಮ್ ಸಂಪೂರ್ಣ ಮರೆತುಹೋಗಿದೆ. ನಮ್ಮ ಲೋಟದ ಮೀಟರು 1.10ರ ಬದಲು 1.04 ತೋರಿಸಿದ್ದು ಈ ಸಮೀಕರಣದಿಂದಲೋ ಮೊಳೆಯ ಲೇಪದ ದೋಷದಿಂದಲೋ ಎಂದು ಮನೆಯಲ್ಲಿ ಇನ್ನೂ ವಾದ ನಡೆದಿದೆ. ಸಭೆಯಲ್ಲಿ ನಿವೃತ್ತರಾದ ಗಣಿತದ ಮೇಷ್ಟರು ಯಾರಾದರೂ ಇದ್ದರೆ, ಭಾನುವಾರ ಸಂಜೆ ನಮ್ಮ ಮನೆಗೆ ದಯಮಾಡಿಸಬೇಕು. ಮಗಳೂ ಕುಳಿತುಕೊಳ್ಳುತ್ತಾಳೆ, ಅಮ್ಮನೂ ಕೇಳುತ್ತಾರೆ. ಚಿಕ್ಕಮಗಳೂರಿನ ಕಾಫಿಪುಡಿ ಇದೆ. ಲೋಟಗಳು ಬೇರೆಯವು, ಸಂಶಯ ಬೇಡ.